ಹದಿನಾಲ್ಕನೆಯ ಫಾರಂ

ಮಾರ್ಚ್ ೪

ತಂಗಿಗೆ,

ಇದು ಕ್ಷೇಮ ಸಮಾಚಾರ ಕೇಳುವ ಪತ್ರವಲ್ಲ. ಕೇಳಿದರೂ ಹೇಳುವವಳಲ್ಲ ನೀನು. ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ಇಲ್ಲಿಯವರೆಗೆ, ಏಳು ವರ್ಷ, ನಮ್ಮಿಬ್ಬರ ನಡುವೆ ಒಂದಕ್ಷರ ಓಡಾಡಿಲ್ಲ. ಹಾಗೇ ಇನ್ನೊಂದು ಇಪ್ಪತ್ತು ವರ್ಷ ಕಳೆದಿದ್ದರೂ ನನಗೇನೂ ಆಗುತ್ತಿರಲಿಲ್ಲ. ಆದರೆ ನೀನು ನನ್ನ ಹೊಟ್ಟೆಯ ಮೇಲೆಯೇ ಹೊಡೆದಿದ್ದೀಯ. ಸುಮ್ಮನಿರುವುದು ಹೇಗೆ?

ನನ್ನ ಹದಿನೇಳನೆಯ ಕಾದಂಬರಿ ಕಳೆದ ತಿಂಗಳು ಹೊರಬಂತು. ಅದನ್ನು ಹೊಲಿದು ಕಟ್ಟಿದ್ದು ನೀನಿರುವ ಬೈಂಡಿಂಗ್ ಮನೆ. ಫಾರಂ ಜೋಡಿಸುವ ಮೇಜಿಗೆ ನೀನೇ ಮೇಸ್ತ್ರಿ ಎನ್ನುವುದೂ ನನಗೆ ಗೊತ್ತು. ಕಥೆ ಸಾವಿರದ ಎಂಟುನೂರ ಎಪ್ಪತ್ತೊಂದರ ಕಾನ್ಸಾಸಿನದು. ಹುಲ್ಲುಬಯಲಿನ ನಡುವೆ ಮರದ ಮನೆ, ಕುಡುಕ ಗಂಡ, ಮನೆ ಬಿಟ್ಟು ರೈಲು ನಿಲ್ದಾಣಕ್ಕೆ ಬಂದು ಕೂತ ಹೆಂಡತಿ. ಪುಟ ೨೦೯ರಲ್ಲಿ ಪಾದ್ರಿ ಕುದುರೆಯೇರಿ ಬರುತ್ತಾರೆ. ಪುಟ ೨೧೬ರಲ್ಲಿ ಅವಳು ಮೊಣಕಾಲೂರಿ ಪ್ರಾರ್ಥಿಸುತ್ತಾಳೆ. ಪುಟ ೨೨೪ರಲ್ಲಿ ಗಂಡನನ್ನು ಕ್ಷಮಿಸಿ ಮನೆಗೆ ಮರಳುತ್ತಾಳೆ. ಇಡೀ ಕಾದಂಬರಿ ನಿಂತಿರುವುದೇ ಆ ಹದಿನಾರು ಪುಟಗಳ ಮೇಲೆ.

ಮೊನ್ನೆ ನಮ್ಮ ಚರ್ಚಿನ ಸಭೆಯ ಹೆಂಗಸೊಬ್ಬರು ಪುಸ್ತಕ ಹಿಡಿದುಕೊಂಡು ಬಂದರು. ‘ಅಮ್ಮಾ, ಈ ಸಲ ನೀವು ಅವಳನ್ನ ಕಳಿಸೇಬಿಟ್ರಲ್ಲ!’ ಅಂದರು. ನೋಡುತ್ತೇನೆ, ಪಾದ್ರಿಯೇ ಇಲ್ಲ! ಅವಳು ಮದುವೆಗೆಂದು ಹೊಲಿದಿಟ್ಟ ಕೌದಿ ಮಾರಿ ಟಿಕೆಟ್ ಕೊಂಡು ರೈಲು ಹತ್ತಿ ಹೊರಟೇ ಹೋಗುತ್ತಾಳೆ. ಅದು ನನ್ನ ಮೊದಲ ಕಾದಂಬರಿಯ ಹದಿನಾಲ್ಕನೆಯ ಫಾರಂ. ಇಪ್ಪತ್ತೈದು ವರ್ಷ ತುಂಬಿತೆಂದು ಅದನ್ನೂ ಅದೇ ತಿಂಗಳು ಮರುಮುದ್ರಿಸಿದ್ದಾರೆ. ಅಲ್ಲಿ ಹೊರಡುವವಳು ಚಿಕ್ಕಪ್ಪನ ಮನೆ ಬಿಟ್ಟು ಶಾಲೆಯ ಕೆಲಸಕ್ಕೆ ಹೋಗುವ, ಮದುವೆಯಾಗದ ಹುಡುಗಿ. ಇಲ್ಲಿ ಅದೇ ಪುಟಗಳು ಒಬ್ಬ ಹೆಂಡತಿಯನ್ನು ಗಂಡನ ಮನೆಯಿಂದ ಓಡಿಸಿವೆ.

ನಿಮ್ಮ ಬೈಂಡಿಂಗ್ ಮನೆಯ ಯಜಮಾನರು ಎಣಿಸಿ ನೋಡಿದರಂತೆ. ಹೊಸ ಪುಸ್ತಕದ ಹದಿನಾಲ್ಕನೆಯ ಫಾರಂ ಇನ್ನೂರು ಉಳಿದಿವೆ, ಹಳೆಯದರದು ಇನ್ನೂರು ಕಡಿಮೆ ಬಿದ್ದಿವೆ. ಅಷ್ಟೂ ಪ್ರತಿ ಅಂಗಡಿಗಳಿಗೆ ಹೋಗಿಯಾಗಿದೆ.

ಎಲ್ಲ ಬಿಟ್ಟು ಇದೇ ಹದಿನಾರು ಪುಟ ಅದಲುಬದಲಾಗುವುದು ಆಕಸ್ಮಿಕ ಎಂದು ನನ್ನ ಕಿವಿಗೆ ಹೂವಿಡಬೇಡ. ಯಾವ ಸೇಡು ಇದು ಎಂದು ನನಗೂ ಗೊತ್ತು, ನಿನಗೂ ಗೊತ್ತು. ತಪ್ಪೊಪ್ಪಿಕೊಂಡು ಬರೆ. ನಾನು ಕ್ಷಮಿಸುವವಳೇ.

ನಿನ್ನ ಒಳಿತನ್ನೇ ಬಯಸುವ,
ಅಕ್ಕ

ಮಾರ್ಚ್ ೧೧

ಅಕ್ಕ,

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಊಟ ರುಚಿಸಲಿಲ್ಲ ಎಂದು ನೀನು ಅಂದುಕೊಂಡರೆ ತಪ್ಪು, ಚೆನ್ನಾಗಿಯೇ ಉಂಡೆ.

ಪುಸ್ತಕ ಬರೆಯುವವರಿಗೆ ಪುಸ್ತಕ ಕಟ್ಟುವುದು ಹೇಗೆಂದು ಗೊತ್ತಿರಬೇಕೆಂದೇನಿಲ್ಲ. ಹೇಳುತ್ತೇನೆ ಕೇಳು. ಹದಿನಾರು ಪುಟದ ಒಂದು ಹಾಳೆ ಮಡಿಸಿದರೆ ಒಂದು ಫಾರಂ. ಪ್ರತಿ ಫಾರಮ್ಮಿನ ಬೆನ್ನಿಗೆ ಒಂದು ಕಪ್ಪು ಗುರುತಿರುತ್ತದೆ. ಒಂದನೆಯದರ ಗುರುತು ಎಲ್ಲಕ್ಕಿಂತ ಮೇಲೆ, ಎರಡನೆಯದು ಅದರ ಕೆಳಗೆ, ಮೂರನೆಯದು ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದ್ದರೆ ಬೆನ್ನಿನ ಮೇಲೆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಮೆಟ್ಟಿಲು ತಪ್ಪಿದ್ದರೆ ಜೋಡಣೆ ತಪ್ಪಿದೆ ಎಂದರ್ಥ. ನಾವು ನೋಡುವುದು ಆ ಮೆಟ್ಟಿಲನ್ನು, ನಿನ್ನ ಪಾದ್ರಿಯನ್ನಲ್ಲ. ಹದಿನಾಲ್ಕನೆಯ ಫಾರಮ್ಮಿನ ಗುರುತು ಯಾವ ಪುಸ್ತಕದಲ್ಲೂ ಒಂದೇ ಜಾಗದಲ್ಲಿರುತ್ತದೆ. ಎರಡು ಪುಸ್ತಕ, ಒಂದೇ ಅಳತೆ, ಒಂದೇ ಅಕ್ಷರ, ಒಂದೇ ಕಾಗದ, ಒಂದೇ ವಾರ. ಪುಟದ ತಲೆಯ ಮೇಲೆ ಪುಸ್ತಕದ ಹೆಸರೂ ಇಲ್ಲ.

ಹೆಸರು ನೋಡಿಯಾದರೂ ಹಿಡಿಯಬಹುದಿತ್ತಲ್ಲ ಎನ್ನುತ್ತೀಯಾ? ಹದಿನೇಳು ಕಾದಂಬರಿಗಳಲ್ಲಿ ನಿನ್ನ ನಾಯಕಿಯರಿಗೆ ಇರುವುದು ನಾಲ್ಕೇ ಹೆಸರು, ಕೆಲಸದ ಪಾಳಿಯ ಹಾಗೆ ಒಂದಾದ ಮೇಲೊಂದು ಬರುತ್ತವೆ. ಮೊದಲನೆಯವಳ ಪಾಳಿ ಹದಿನೇಳನೆಯದರಲ್ಲಿ ಮತ್ತೆ ಬಂತು. ಸೌದೆ ಒಡೆಯದ ನಾಯಕ ಒಬ್ಬನೂ ಇಲ್ಲ. ಕೊನೆಯ ಅಧ್ಯಾಯದ ತನಕ ಮುತ್ತಿಲ್ಲ, ಅದೂ ಪ್ರಾರ್ಥನೆ ಮುಗಿದ ಮೇಲೆ. ಹೀಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಇಟ್ಟವಳು ನೀನು. ಅದಲುಬದಲಾದರೆ ನನ್ನ ಕೊರಳಪಟ್ಟಿ ಹಿಡಿಯುತ್ತೀಯಾ?

ಸೇಡು ಅಂದೆ. ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಪೆಟ್ಟಿಗೆ ಹಿಡಿದುಕೊಂಡು ನಿನ್ನ ಬಾಗಿಲಿಗೆ ಬಂದಿದ್ದೆ. ನೀನು ‘ಟೀ ಕುಡಿ, ಮುಖ ತೊಳ್ಕೋ. ಗಂಡಸರ ಕೋಪ ಎಷ್ಟು ಹೊತ್ತಿರುತ್ತೆ ಬಿಡೇ’ ಅಂದೆ. ಬೈಬಲಿನಿಂದ ಕ್ಷಮೆಯ ವಚನ ಓದಿಸಿದೆ. ಆಮೇಲೆ ನೀನೇ ಬಸ್ಸಿನಲ್ಲಿ ಪಕ್ಕ ಕೂತು ನನ್ನನ್ನು ಗಂಡನ ಮನೆಗೆ ವಾಪಸು ಬಿಟ್ಟು ಬಂದೆ. ನಿನಗೆ ನೆನಪಿದೆಯೋ ಇಲ್ಲವೋ ಎಂದು ಹೇಳಿದೆ, ಅಷ್ಟೆ.

ಯಜಮಾನರಿಗೆ ನೀನು ಬರೆದ ದೂರು ತಲುಪಿದೆ. ನನ್ನ ಕೆಲಸವೂ ನಾನಿರುವ ಮೇಲಿನ ಕೋಣೆಯೂ ಒಂದೇ ಹಗ್ಗಕ್ಕೆ ಕಟ್ಟಿರುವುದು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ನಿನ್ನ ಮನಸ್ಸು ತಣ್ಣಗಾಗಲೆಂದು ತಿಳಿಸಿದ್ದೇನೆ.

ಇಂತಿ,
ಮೇಜಿನ ಮೇಸ್ತ್ರಿ

ಮಾರ್ಚ್ ೧೯

ತಂಗಿಗೆ,

ನಾಲಿಗೆ ಇನ್ನೂ ಹಾಗೇ ಇದೆ. ಅಮ್ಮ ಇದ್ದಿದ್ದರೆ ‘ಇವಳ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ’ ಅನ್ನುತ್ತಿದ್ದಳು.

ನನ್ನ ಪುಸ್ತಕಗಳನ್ನು ನೋಡಿ ನಗುವವರು ಬಹಳ ಮಂದಿ, ನೀನೇ ಮೊದಲನೆಯವಳಲ್ಲ. ಆದರೆ ಅವುಗಳನ್ನು ಓದುವವರು ಯಾರು ಗೊತ್ತೇ? ಆಸ್ಪತ್ರೆಯಲ್ಲಿ ಹಗಲಿಡೀ ನಿಂತು ಕಾಲು ಊದಿಸಿಕೊಂಡವರು. ಕಚೇರಿಗಳ ನೆಲ ಒರೆಸುವವರು. ಅವರಿಗೆ ನೂರೈವತ್ತು ವರ್ಷ ಹಿಂದಿನ ಆ ದೂರದ ಹುಲ್ಲುಬಯಲು ಬೇಕು, ಏಕೆಂದರೆ ಅಲ್ಲಿ ಅವರ ಅತ್ತೆಯೂ ಇಲ್ಲ, ಮೇಲಧಿಕಾರಿಯೂ ಇಲ್ಲ. ಗಾಡಿಯ ಚಕ್ರ ಮುರಿದರೂ, ಮಿಡತೆಗಳು ಬೆಳೆ ತಿಂದರೂ, ಕೊನೆಗೆ ಎಲ್ಲ ಸರಿಹೋಗುತ್ತದೆ ಎನ್ನುವ ಭರವಸೆಯನ್ನು ನಾನು ಕೊಡುತ್ತೇನೆ. ಅದು ಸಣ್ಣ ಕೆಲಸವಲ್ಲ. ನಾನು ಕಾನ್ಸಾಸ್ ನೋಡಿಲ್ಲ, ನಿಜ. ಸ್ವರ್ಗವನ್ನೂ ನೋಡಿಲ್ಲ.

ಬಸ್ಸಿನ ಮಾತು ಎತ್ತಿದೆ. ಅಂದು ನನಗೆ ಸರಿಯೆಂದು ತೋರಿದ್ದನ್ನು ಮಾಡಿದೆ. ನಿನಗಾಗಿ ಪ್ರಾರ್ಥಿಸದ ದಿನವಿಲ್ಲ. ಅದಕ್ಕೆ ಪ್ರತಿಯಾಗಿ ನನಗೆ ಸಿಕ್ಕಿದ್ದೇನು? ಅಮ್ಮನ ಮಣ್ಣಿನ ದಿನ ಸ್ಮಶಾನದ ಗೇಟಿನ ಹತ್ತಿರ ಹಿಂದಿನಿಂದ ನಿನ್ನನ್ನು ಕೂಗಿದೆ. ಒಂದಲ್ಲ, ಎರಡು ಸಲ. ಸಭೆಯ ಜನವೆಲ್ಲ ನೋಡುತ್ತಿದ್ದರು. ನೀನು ತಿರುಗಿಯೂ ನೋಡದೆ ಹೋದೆ. ಅಮ್ಮನ ಗೋರಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿರುವಾಗ ಒಡಹುಟ್ಟಿದವಳ ಮುಖಕ್ಕೆ ಬೆನ್ನು ತಿರುಗಿಸಿದವಳು, ಇವತ್ತು ನನಗೆ ನೆನಪಿನ ಪಾಠ ಹೇಳುತ್ತಾಳೆ!

ಇರಲಿ. ನಿಮ್ಮ ಯಜಮಾನರು ಫೋನ್ ಮಾಡಿದ್ದರು. ‘ಅಮ್ಮಾ, ನೀವು ಆಕಸ್ಮಿಕ ಅಂತ ಒಂದು ಸಾಲು ಬರೆದುಕೊಟ್ರೆ ಅವರನ್ನ ಇಟ್ಕೋತೀನಿ. ಬೇಕಂತ ಮಾಡಿದ್ದು ಅಂದ್ರೆ ಇಟ್ಕೊಳ್ಳೋಕಾಗಲ್ಲ’ ಅಂದರು. ಏಪ್ರಿಲ್ ಕೊನೆಯ ತನಕ ಸಮಯ ಕೊಟ್ಟಿದ್ದಾರೆ. ನೀನು ನನಗೊಂದು ಸಾಲು ಬರೆ: ನಾನು ಮಾಡಿದೆ, ಕ್ಷಮಿಸು. ಆ ಸಾಲು ನನ್ನ ಕೈ ಸೇರಿದ ದಿನವೇ ಅವರಿಗೆ ಬೇಕಾದ ಸಾಲು ಹೋಗುತ್ತದೆ.

ಅಕ್ಕ

ಮಾರ್ಚ್ ೨೮

ಅಕ್ಕ,

ಬರೆಯುವುದಿಲ್ಲ.

ನಿನ್ನ ಪುಸ್ತಕಗಳಲ್ಲಿ ಎಲ್ಲರೂ ತಪ್ಪೊಪ್ಪಿಕೊಳ್ಳುತ್ತಾರೆ. ಕಳ್ಳ ಒಪ್ಪಿಕೊಳ್ಳುತ್ತಾನೆ, ಕುಡುಕ ಒಪ್ಪಿಕೊಳ್ಳುತ್ತಾನೆ, ಒಂದರಲ್ಲಿ ಕುದುರೆ ವ್ಯಾಪಾರಿ ಸಾಯುತ್ತಾ ಮೂರು ಪುಟ ಒಪ್ಪಿಕೊಳ್ಳುತ್ತಾನೆ. ಅಷ್ಟು ಉಸಿರು ಎಲ್ಲಿಂದ ಬಂತೋ! ನಿನಗೆ ಕ್ಷಮಿಸುವ ಚಟ. ಅದಕ್ಕೆ ಎದುರಿಗೊಬ್ಬ ಅಪರಾಧಿ ಸದಾ ಬೇಕು. ಒಂಬತ್ತು ವರ್ಷದ ಹಿಂದೆ ಏಟು ತಿಂದವಳು ನಾನು, ನಿನ್ನ ಮನೆಯಲ್ಲಿ ಮೊಣಕಾಲೂರಿದವಳೂ ನಾನೇ. ಒಂದು ಸಲ ಸಾಕು.

ಇನ್ನು ಸ್ಮಶಾನದ ಗೇಟು. ಏಳು ವರ್ಷ ಇದನ್ನೇ ಎದೆಯಲ್ಲಿಟ್ಟುಕೊಂಡು ಕೂತಿದ್ದೆಯಾ? ನೀನು ಯಾವ ಕಡೆ ನಿಂತಿದ್ದೆ, ಜ್ಞಾಪಿಸಿಕೊ. ಬಲಗಡೆ ಚರ್ಚಿನ ಗಂಟೆ ಹೊಡೆಯುತ್ತಿತ್ತು. ನೀನಿದ್ದದ್ದು ಎಡಕ್ಕೆ. ನನಗೆ ಎಡಗಿವಿ ಕೇಳಿಸುವುದಿಲ್ಲ ಅಕ್ಕ. ನೀನು ನನ್ನನ್ನು ಬಸ್ಸಿನಲ್ಲಿ ಅವನ ಮನೆಗೆ ಬಿಟ್ಟು ಬಂದ ಮರು ತಿಂಗಳಿನಿಂದ ಕೇಳಿಸುವುದಿಲ್ಲ. ಹೊಡೆತ ಬಿದ್ದ ದಿನ ಒಂದು ಸದ್ದು ಬಂತು, ಆಮೇಲೆ ಆ ಕಡೆ ಏನೂ ಬರಲಿಲ್ಲ. ಅದಾದ ಮೇಲೂ ಹತ್ತು ತಿಂಗಳು ಅಲ್ಲೇ ಇದ್ದೆ. ನಿನ್ನ ವಚನ ನೆನೆಸಿಕೊಂಡೇ ಇದ್ದೆ.

ಬೈಂಡಿಂಗ್ ಮನೆಯ ಕೆಲಸಕ್ಕೆ ಒಂದು ಕಿವಿ ಧಾರಾಳವಾಗಿ ಸಾಕು. ಇಲ್ಲಿ ಕಟ್ಟರ್ ಓಡುವಾಗ ಎರಡು ಕಿವಿ ಇದ್ದವರಿಗೂ ಏನೂ ಕೇಳಿಸುವುದಿಲ್ಲ.

ಪೆಟ್ಟಿಗೆ ತುಂಬಲು ಶುರುಮಾಡಿದ್ದೇನೆ. ನಿನಗೆ ತೋಚಿದ್ದನ್ನು ಯಜಮಾನರಿಗೆ ಬರೆ.

ತಂಗಿ

ಏಪ್ರಿಲ್ ೨೦

ತಂಗಿಗೆ,

ಹೋದ ಪತ್ರದ ಒಂದು ಭಾಗಕ್ಕೆ ನಾನು ಉತ್ತರ ಬರೆದಿಲ್ಲ. ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಹದಿನೇಳು ಕಾದಂಬರಿ ಬರೆದ ಕೈ ಇದು.

ಬೇರೆ ಸಂಗತಿ ಬರೆಯುತ್ತೇನೆ. ತಪ್ಪು ಪ್ರತಿ ಸಿಕ್ಕವರಿಂದ ಮೂವತ್ತೊಂದು ಪತ್ರ ಬಂದಿವೆ. ದೂರುಗಳೇ ಇರಬೇಕೆಂದು ಒಂದು ವಾರ ಒಡೆಯಲೇ ಇಲ್ಲ. ಒಡೆದರೆ ಒಂದೂ ದೂರಿಲ್ಲ. ಕೊನೆಯ ಅಧ್ಯಾಯದಲ್ಲಿ ಗಂಡ ಬಾಗಿಲು ತಟ್ಟುವುದನ್ನು, ಅವನೇ ಅವಳನ್ನು ಹುಡುಕಿಕೊಂಡು ಅಷ್ಟು ದೂರ ಬಂದ ಎಂದು ಓದಿಕೊಂಡಿದ್ದಾರೆ. ‘ಅಲೆಯಲಿ ಬಿಡಿ, ಸರಿಯಾದ ಶಾಸ್ತಿ’ ಎಂದು ಒಬ್ಬ ದಾದಿ ಬರೆದಿದ್ದಾಳೆ. ಇದು ನಿಮ್ಮ ಎಲ್ಲ ಪುಸ್ತಕಗಳಿಗಿಂತ ಚೆನ್ನಾಗಿದೆ ಎಂದು ಹನ್ನೊಂದು ಜನ ಬರೆದಿದ್ದಾರೆ. ಎಲ್ಲರೂ ಎತ್ತಿ ಬರೆದಿರುವುದು ಒಂದೇ ವಾಕ್ಯ, ಪುಟ ೨೨೪ರ ಕೊನೆಯ ವಾಕ್ಯ: ‘ರೈಲು ಹೊರಟಾಗ ಅವಳು ಅಳಲಿಲ್ಲ, ಒದ್ದೆಯಾದ ಟಿಕೆಟ್ ನಡೆಯುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.’

ಆ ವಾಕ್ಯ ಯಾರದೆಂದು ನನಗೂ ನಿನಗೂ ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ಮೊದಲ ಕಾದಂಬರಿ ಮುಗಿಯುವ ಹೊತ್ತಿಗೆ ನಾನು ಜ್ವರದಲ್ಲಿ ಮಲಗಿದ್ದೆ, ಪ್ರೆಸ್ಸಿನವರು ಬಾಗಿಲಲ್ಲಿ ನಿಂತಿದ್ದರು. ಹತ್ತೊಂಬತ್ತರ ನೀನು ನನ್ನ ಹಾಸಿಗೆಯ ಪಕ್ಕ ಕೂತು ನಿಲ್ದಾಣದ ಅಧ್ಯಾಯ ಬರೆದುಕೊಟ್ಟೆ. ನಾನು ಒಂದು ಅಲ್ಪವಿರಾಮವನ್ನೂ ಮುಟ್ಟದೆ ಕಳಿಸಿದೆ. ಇಪ್ಪತ್ತೈದು ವರ್ಷ ಅಂಥದೊಂದು ವಾಕ್ಯ ಬರೆಯಲು ನೋಡಿದ್ದೇನೆ. ಬಂದಿಲ್ಲ. ನಿನ್ನ ಮೇಲಿನ ಹೊಟ್ಟೆಕಿಚ್ಚು ನನಗೆ ಹೊಸದಲ್ಲ, ಹೇಳಿಕೊಳ್ಳುವುದು ಹೊಸದು.

ಒಂದು ಪತ್ರವನ್ನು ಮಾತ್ರ ಬೇರೆ ತೆಗೆದಿಟ್ಟಿದ್ದೇನೆ. ಯಾರೋ ಹೊಲಿಗೆ ಕೆಲಸದವಳು. ವಿಳಾಸ ಇಲ್ಲ. ಎರಡೇ ಸಾಲು: ‘ಅಮ್ಮಾ, ನಾನೂ ಟಿಕೆಟ್ ಒದ್ದೆ ಮಾಡಲಿಲ್ಲ. ಮಕ್ಕಳು ನನ್ನ ಜೊತೆಗಿದ್ದಾರೆ.’

ನಿಮ್ಮ ಯಜಮಾನರಿಗೆ ಇವತ್ತು ಬರೆದು ಹಾಕಿದೆ. ಆಕಸ್ಮಿಕ ಎಂದೇ ಬರೆದಿದ್ದೇನೆ. ಪೆಟ್ಟಿಗೆ ಬಿಚ್ಚು.

ಅಕ್ಕ

ಏಪ್ರಿಲ್ ೨೯

ಅಕ್ಕ,

ಯಜಮಾನರು ಕರೆದು ಹೇಳಿದರು. ಕೆಲಸ ಉಳಿಯಿತು. ನಿನಗೆ ಕೃತಜ್ಞತೆ ಹೇಳಬೇಕು. ಅದರ ಬದಲು ಇನ್ನೊಂದು ಹೇಳುತ್ತೇನೆ, ಕೂತುಕೊಂಡು ಓದು.

ನಾವು ಐವತ್ತೈವತ್ತರ ಕಟ್ಟು ಕಟ್ಟುತ್ತೇವೆ. ಮೊದಲ ಕಟ್ಟು ನಿಜವಾಗಿಯೂ ಆಕಸ್ಮಿಕ. ಪಕ್ಕದ ಮೇಜಿನ ರಾಶಿ ನಮ್ಮ ಮೇಜಿಗೆ ಬಂದಿತ್ತು, ಮೆಟ್ಟಿಲು ಸರಿಯಾಗಿತ್ತು, ಹೋಯಿತು. ಎರಡನೆಯ ಕಟ್ಟು ಶುರುವಾಗುವಾಗ ಒಂದು ಫಾರಂ ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಟಿಕೆಟ್ಟಿನ ವಾಕ್ಯ ಕಂಡಿತು. ನನ್ನ ಕೂಸನ್ನು ಸಂತೆಯಲ್ಲಿ ಕಂಡ ಹಾಗಾಯಿತು.

ತಪ್ಪು ತಿಳಿದ ಮೇಲೆ ಸರಿಯಾದ ಫಾರಂ ತರಲು ನಾನೇ ಹೋದೆ. ಇದನ್ನು ನಂಬು. ತಂದು, ಮೇಜಿನ ಮೇಲಿಟ್ಟು, ಯಾವುದು ಯಾವುದೆಂದು ಖಾತ್ರಿ ಮಾಡಿಕೊಳ್ಳಲು ಒಂದನ್ನು ಬಿಡಿಸಿದೆ. ಪುಟ ೨೧೧. ನಿನ್ನ ಪಾದ್ರಿ ಆ ಹೆಂಗಸಿನ ಪೆಟ್ಟಿಗೆ ಎತ್ತಿಕೊಳ್ಳುತ್ತಾನೆ. ಪೆಟ್ಟಿಗೆಯ ಹಿಡಿ ಕಿತ್ತುಹೋಗಿದೆ, ಅದಕ್ಕೆ ಹಸಿರು ದಾರ ಮೂರು ಸುತ್ತು ಸುತ್ತಿದೆ.

ಆ ಹಸಿರು ದಾರ ನನ್ನದು. ಒಂಬತ್ತು ವರ್ಷದ ಹಿಂದೆ ಆ ಮಧ್ಯಾಹ್ನ ನಿನ್ನ ಬಾಗಿಲಿಗೆ ಬರುವ ಮುಂಚೆ ಬಸ್ ನಿಲ್ದಾಣದಲ್ಲಿ ಕೂತು ನಾನು ಸುತ್ತಿದ್ದು. ನನ್ನ ಮುಖದ ಮೇಲಿನ ಬಾವು ನಿನಗೆ ಕಾಣಲಿಲ್ಲ, ದಾರ ಕಂಡಿತು.

ಫಾರಂಗಳನ್ನು ವಾಪಸು ಕಪಾಟಿನಲ್ಲಿಟ್ಟೆ. ಉಳಿದ ಮೂರು ಕಟ್ಟು, ನೂರೈವತ್ತು ಪುಸ್ತಕ, ಗೊತ್ತಿದ್ದೂ ನಾನೇ ಕೈಯಾರೆ ಜೋಡಿಸಿದೆ. ನೂರೈವತ್ತು ಹೆಂಗಸರನ್ನು ರೈಲು ಹತ್ತಿಸಿದೆ. ಹತ್ತಿಸುವಾಗ ಖುಷಿಯಾಯಿತು. ಆಮೇಲೆ ಹೆದರಿಕೆಯಾಯಿತು. ಮಾರನೆಯ ದಿನ ಸರಿಯಾದ ಫಾರಮ್ಮೇ ಹಾಕಿದೆ.

ಈಗ ನೀನು ಯಜಮಾನರಿಗೆ ಸುಳ್ಳು ಬರೆದ ಹಾಗಾಯಿತು. ತಿದ್ದಿ ಇನ್ನೊಂದು ಬರೆಯುವುದಿದ್ದರೆ ಬರೆ, ಪೆಟ್ಟಿಗೆ ಇನ್ನೂ ಪೂರ್ತಿ ಬಿಚ್ಚಿಲ್ಲ. ಆದರೆ ಕ್ಷಮಿಸಬೇಡ. ನಿನ್ನ ಕ್ಷಮೆ ನನಗೆ ಬೇಡ.

ತಂಗಿ

ಮೇ ೯

ತಂಗಿಗೆ,

ಕ್ಷಮಿಸುವುದಿಲ್ಲ, ಹೆದರಬೇಡ.

ಬಸ್ಸಿನಲ್ಲಿ ನಿನ್ನ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ನೀನು ಕಿಟಕಿಯ ಕಡೆ ಮುಖ ಮಾಡಿದ್ದೆ. ಆ ಬಾವು ಕಂಡಿತ್ತು. ಕಂಡಿದ್ದರಿಂದಲೇ ದಾರ ನೋಡುತ್ತಾ ಕೂತೆ. ನಿನ್ನನ್ನು ಆ ಮನೆಯ ಬಾಗಿಲಲ್ಲಿ ಬಿಟ್ಟು, ವಾಪಸು ಬರುವಾಗ ನೋಟ್‌ಬುಕ್ ತೆಗೆದು ಬರೆದುಕೊಂಡೆ: ಹಸಿರು ದಾರ, ಮೂರು ಸುತ್ತು, ಎಲ್ಲಾದರೂ ಬಳಸಬಹುದು. ಇದಕ್ಕಿಂತ ಕೆಟ್ಟದ್ದನ್ನು ನನ್ನ ಯಾವ ಖಳನಾಯಕನೂ ಮಾಡಿಲ್ಲ. ಇದು ತಪ್ಪೊಪ್ಪಿಗೆ. ಮೂರು ಪುಟ ಎಳೆಯುವುದಿಲ್ಲ, ಮುಗಿಯಿತು. ನಿನ್ನ ಕಿವಿಯ ಲೆಕ್ಕ ನನ್ನ ತಲೆಯ ಮೇಲಿದೆ. ಅದು ಅಲ್ಲೇ ಇರಲಿ, ಇಳಿಸು ಎಂದು ನಿನ್ನನ್ನು ಕೇಳುವುದಿಲ್ಲ.

ಯಜಮಾನರಿಗೂ ಪ್ರಕಾಶಕರಿಗೂ ಇನ್ನೊಂದು ಪತ್ರ ಹೋಗಿದೆ. ಬೆಚ್ಚಿಬೀಳಬೇಡ. ಮುಂದಿನ ಮುದ್ರಣದಲ್ಲಿ ಪಾದ್ರಿ ಬರುವ ಫಾರಂ ಬೇಡ, ರೈಲಿನ ಫಾರಮ್ಮೇ ಇರಲಿ, ಒಳಪುಟದಲ್ಲಿ ಅದನ್ನು ಬರೆದವಳು ನನ್ನ ತಂಗಿ ಎಂದು ಅಚ್ಚಾಗಲಿ ಎಂದು ತಿಳಿಸಿದ್ದೇನೆ. ಪ್ರಕಾಶಕರು ಖುಷಿಯಿಂದ ಕುಣಿದಾಡುತ್ತಿದ್ದಾರೆ. ಸಭೆಯ ಹಿರಿಯರೊಬ್ಬರು ಮನೆಗೇ ಬಂದು, ‘ಏನಮ್ಮಾ, ನೀವೇ ಹೀಗೆ ಬರೆದರೆ ಹೇಗೆ’ ಅಂದರು. ಟೀ ಕೊಟ್ಟು ಕಳಿಸಿದೆ. ವಚನ ಓದಲು ಬಿಡಲಿಲ್ಲ.

ಆದರೆ ಒಂದು ತೊಡಕಿದೆ. ರೈಲು ಹತ್ತಿದವಳು ಪುಟ ೨೨೫ರಲ್ಲಿ ಅದೇ ಹಳೆಯ ಒಲೆಯ ಮುಂದೆ ಕೀರ್ತನೆ ಹಾಡುತ್ತಾ ಕೂರುವಂತಿಲ್ಲ. ಅಲ್ಲಿಂದ ಕೊನೆಯ ತನಕ ಹೊಸದಾಗಿ ಬರೆಯಬೇಕು. ಒಂದು ವಾರದಿಂದ ಕೂತಿದ್ದೇನೆ. ಅವಳು ರೈಲಿನಿಂದ ಇಳಿಯುತ್ತಾಳೆ, ಅಲ್ಲಿಗೆ ನಿಲ್ಲುತ್ತದೆ. ಹದಿನೇಳು ಪುಸ್ತಕಗಳಲ್ಲಿ ಎದುರಿಗೆ ಒಬ್ಬ ಗಂಡಸನ್ನು ನಿಲ್ಲಿಸದೆ ನಾನು ಯಾವ ಹೆಂಗಸನ್ನೂ ಎಲ್ಲೂ ಇಳಿಸಿಲ್ಲ. ಯಾರೂ ನಿಂತಿರದಿದ್ದರೆ ಅವಳು ಏನು ಮಾಡುತ್ತಾಳೆ?

ನೀನು ಇಳಿದವಳು. ಮೊದಲ ದಿನ ಏನು ಮಾಡಿದೆ? ನಾನು ಯಾವತ್ತೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಮತ್ತು ಕಾದಂಬರಿಗೆ ಬೇಕೆಂದೂ ಕೇಳುತ್ತಿದ್ದೇನೆ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ. ಹೇಳಲು ಇಷ್ಟವಿಲ್ಲದಿದ್ದರೆ ಬೈದು ಬರೆ.

ಅಕ್ಕ

ಮೇ ೧೬

ಅಕ್ಕ,

ಬೈಯಲು ಬೇಕಾದಷ್ಟಿದೆ, ಪತ್ರದಲ್ಲಿ ಹಿಡಿಸುವುದಿಲ್ಲ.

ಮೊದಲ ದಿನ ಮಲಗಿದೆ. ಬಸ್ಸಿನಿಂದ ಇಳಿದು, ಇಲ್ಲಿಗೆ ಬಂದು, ಈ ಕೋಣೆಯ ಬೀಗದ ಕೈ ಇಸಿದುಕೊಂಡೆ. ಒಳಗಿನಿಂದ ಚಿಲಕ ಹಾಕಿದೆ. ಚಿಲಕ ಗಟ್ಟಿಯಿದೆಯೋ ಇಲ್ಲವೋ ಎಂದು ಎಳೆದು ನೋಡಿದೆ, ಇನ್ನೊಮ್ಮೆ ಎಳೆದು ನೋಡಿದೆ. ಆಮೇಲೆ ನೆಲದ ಮೇಲೇ, ಹಾಡುಹಗಲಿನಲ್ಲಿ, ಒಳ್ಳೆಯ ಕಿವಿಯನ್ನು ದಿಂಬಿಗೊತ್ತಿ ಮಲಗಿಬಿಟ್ಟೆ. ಹಾಗೆ ಮಲಗಿದರೆ ನನಗೆ ಏನೂ ಕೇಳಿಸುವುದಿಲ್ಲ. ಆ ಮನೆಯಲ್ಲಿ ಹತ್ತು ತಿಂಗಳು ಹಾಗೆ ಮಲಗಲು ಧೈರ್ಯವಾಗಿರಲಿಲ್ಲ.

ಇದನ್ನು ಬೇಕಾದರೆ ಹಾಕಿಕೊ. ಪ್ರಾರ್ಥನೆ ಸೇರಿಸಬೇಡ, ಅವಳು ಮಾಡಲಿಲ್ಲ. ಎದ್ದ ಮೇಲೆ ಮಾಡಿದಳು ಎಂದು ಬೇಕಾದರೆ ಬರೆ, ಅದು ನಿಜ.

ಎರಡನೆಯ ದಿನದ್ದು ಪತ್ರದಲ್ಲಿ ಬರೆಯುವಂಥದ್ದಲ್ಲ. ಭಾನುವಾರ ಬೈಂಡಿಂಗ್ ಮನೆಗೆ ರಜೆ. ಬರುವುದಾದರೆ ಬಾ. ನೋಟ್‌ಬುಕ್ ಮನೆಯಲ್ಲಿ ಬಿಟ್ಟು ಬಾ. ಮೆಟ್ಟಿಲು ಹತ್ತಿ ಬಾಗಿಲು ಜೋರಾಗಿ ತಟ್ಟು, ಒಂದೆರಡು ಸಲಕ್ಕೆ ಬೇಜಾರು ಮಾಡಿಕೊಂಡು ತಿರುಗಿ ಹೋಗಬೇಡ. ಒಳಗೆ ಬಂದ ಮೇಲೆ ನನ್ನ ಬಲಗಡೆ ಕೂತುಕೊ.

ತಂಗಿ